ತೇರು ಎಳೆಯುವ ಮೊದಲು ಬೀದಿ ಅಳೆಯಿರಿ

(ಜಾತ್ರಾ ಸಮಿತಿಯವರು, ಸ್ವಯಂಸೇವಕರು ಮತ್ತು ಊರಿನವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಉತ್ಸವದಲ್ಲಿ ಜನ ಸತ್ತ ಸುದ್ದಿ ಬಂದಾಗಲೆಲ್ಲ ನಮ್ಮ ಬಾಯಲ್ಲಿ ಮೊದಲು ಬರುವ ಮಾತು ಒಂದೇ. "ಜನಕ್ಕೆ ಶಿಸ್ತಿಲ್ಲ ಕಣ್ರೀ, ಒಮ್ಮೆಲೇ ನುಗ್ಗಿಬಿಟ್ಟರು." ಟೀವಿಯವರೂ ಅದನ್ನೇ ಹೇಳುತ್ತಾರೆ, ಚಹಾ ಅಂಗಡಿಯಲ್ಲೂ ಅದೇ ಮಾತು. ಈ ಮಾತು ತಪ್ಪು ಅಂತ ಹೇಳುವುದಕ್ಕೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಜನರನ್ನು ಬೈದರೆ ನಮ್ಮ ಕೆಲಸ ಮುಗಿದ ಹಾಗೆ ಅನ್ನಿಸುತ್ತದೆ. ಬೀದಿ ಎಷ್ಟು ಅಗಲ ಇತ್ತು, ಹೊರಗೆ ಹೋಗೋ ದಾರಿ ಎಲ್ಲಿತ್ತು, ನಿಲ್ಲಿಸಿ ಅಂತ ಹೇಳಬೇಕಾದವರು ಯಾರು ಅನ್ನೋ ಪ್ರಶ್ನೆಗಳು ಆಮೇಲೆ ಯಾರ ತಲೆಗೂ ಬರುವುದಿಲ್ಲ.

ಮೊದಲು ಸಾವು ಹೇಗೆ ಬರುತ್ತದೆ ಅಂತ ತಿಳಿದುಕೊಳ್ಳೋಣ. ಬಿದ್ದವರನ್ನು ತುಳಿದುಕೊಂಡು ಓಡುತ್ತಾರೆ, ಅದಕ್ಕೇ ಸಾಯುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ಬಹುಪಾಲು ಸಾವು ಹಾಗಲ್ಲ. ಉಸಿರುಗಟ್ಟಿ ಸಾಯುತ್ತಾರೆ. ಎಷ್ಟೋ ಜನ ನಿಂತಲ್ಲೇ ಸಾಯುತ್ತಾರೆ. ಎದೆಗೂಡು ಹಿಗ್ಗಿದರೆ ತಾನೇ ಉಸಿರು ಒಳಗೆ ಬರೋದು? ಮುಂದಿನಿಂದ, ಹಿಂದಿನಿಂದ ಒತ್ತಿದಾಗ ಎದೆ ಹಿಗ್ಗೋದಕ್ಕೇ ಜಾಗ ಇರುವುದಿಲ್ಲ. ಕೆಲವು ನಿಮಿಷ ಹಾಗೇ ಆದರೆ ಗಟ್ಟಿಮುಟ್ಟಾದ ಹುಡುಗನೂ ಉಳಿಯುವುದಿಲ್ಲ. ಅಲ್ಲಿ ಓಡುವವರು ಯಾರೂ ಇಲ್ಲ. ಓಡೋದಕ್ಕೆ ಜಾಗವೇ ಇಲ್ಲ.

ಒಂದು ಚದರ ಮೀಟರ್ ಅಂದರೆ ಹತ್ತೂವರೆ ಚದರ ಅಡಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ಜಾಗದಲ್ಲಿ ಇಬ್ಬರು ಮೂವರು ಇದ್ದರೆ ಆರಾಮಾಗಿ ನಡೆಯಬಹುದು. ನಾಲ್ಕೈದು ಜನ ಆದರೆ ನಾವು ಕಣ್ಣಿಟ್ಟು ನೋಡಬೇಕು. ಆರು ದಾಟಿತೋ, ಅಪಾಯ. ಜನಸಂದಣಿಯ ಬಗ್ಗೆ ಬಹಳ ಕಾಲ ಕೆಲಸ ಮಾಡಿದ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಹೇಳಿದ್ದು ಏನೆಂದರೆ, ಏಳರ ಹತ್ತಿರ ಬಂದಾಗ ಗುಂಪು ನೀರಿನಂತೆ ಆಗಿಬಿಡುತ್ತದೆ. ಹಿಂದೆ ಒಬ್ಬರು ತಳ್ಳಿದ್ದು ಅಲೆಯಾಗಿ ಮುಂದಕ್ಕೆ ಹೋಗುತ್ತದೆ. ಆ ಅಲೆ ಮನುಷ್ಯರನ್ನು ಮೂರು ಮೀಟರಿಗೂ ದೂರ ಎತ್ತಿಕೊಂಡು ಹೋಗಬಲ್ಲದು. ಕಾಲಿನಿಂದ ಚಪ್ಪಲಿ ಕಳಚಿಕೊಳ್ಳುತ್ತದೆ. ಇಂಥ ದುರಂತ ಆದ ಮೇಲೆ ಪೇಪರಿನಲ್ಲಿ ಚಪ್ಪಲಿಗಳ ರಾಶಿಯ ಫೋಟೊ ಬರುತ್ತದಲ್ಲ, ಅದು ಅದಕ್ಕೇ. ಆ ಹೊತ್ತಿನಲ್ಲಿ ಯಾರೂ ತಾನಾಗಿ ನಡೆಯುತ್ತಿರುವುದಿಲ್ಲ. ಶಿಸ್ತು ಇದ್ದವರೂ ಅಷ್ಟೇ, ಇಲ್ಲದವರೂ ಅಷ್ಟೇ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಹಿಲ್ಸ್‌ಬರೋ ಎಂಬ ಫುಟ್‌ಬಾಲ್ ಮೈದಾನದಲ್ಲಿ, ಕಬ್ಬಿಣದ ಬೇಲಿ ಮತ್ತು ಹಿಂದಿನ ಜನರ ನಡುವೆ ಸಿಕ್ಕಿಕೊಂಡವರಲ್ಲಿ ಒಟ್ಟು 97 ಜನ ತೀರಿಕೊಂಡರು. ಕುಡಿದು ಬಂದ ಅಭಿಮಾನಿಗಳದ್ದೇ ತಪ್ಪು ಅಂತ ಶುರುವಿನಲ್ಲಿ ಹೇಳಿದರು. ಸತ್ತವರ ಮನೆಯವರು ಬಿಡಲಿಲ್ಲ. 2016ರಲ್ಲಿ, ಅಂದರೆ 27 ವರ್ಷ ಆದ ಮೇಲೆ, ಅಭಿಮಾನಿಗಳ ತಪ್ಪು ಏನೂ ಇರಲಿಲ್ಲ, ವ್ಯವಸ್ಥೆ ಮಾಡಿದವರದೇ ತಪ್ಪು ಎಂದು ವಿಚಾರಣೆಯ ಜ್ಯೂರಿ ಹೇಳಿತು. ಸತ್ತ ಮಗನ ಮೇಲೆ ಬಂದ ಅಪವಾದ ತೊಳೆಯೋದಕ್ಕೆ ಒಬ್ಬ ತಾಯಿ 27 ವರ್ಷ ಓಡಾಡಬೇಕಾಯಿತು. ಜನರನ್ನು ಬೈಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಊರಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್. 2022ರ ಅಕ್ಟೋಬರ್ 29. ಹ್ಯಾಲೋವೀನ್ ಹಬ್ಬಕ್ಕೆ ಎರಡು ದಿನ ಮೊದಲಿನ ಶನಿವಾರ ಸಂಜೆ, ಹುಡುಗ ಹುಡುಗಿಯರು ವೇಷ ಹಾಕಿಕೊಂಡು ಬಂದಿದ್ದರು. ಅಲ್ಲಿ ಒಂದು ಇಳಿಜಾರಿನ ಓಣಿ. ಉದ್ದ ಸುಮಾರು 40 ಮೀಟರ್, ಕಿರಿದಾದ ಕಡೆ ಅಗಲ 3 ಮೀಟರಿಗೆ ಸ್ವಲ್ಪ ಜಾಸ್ತಿ. ಹತ್ತು ಹನ್ನೊಂದು ಅಡಿ ಅನ್ನಿ. ನಮ್ಮ ಹಳೇ ಪೇಟೆಗಳಲ್ಲಿ ಇಂಥ ಓಣಿ ಎಷ್ಟಿಲ್ಲ? ಮೇಲಿನಿಂದ ಇಳಿಯುವವರು, ಕೆಳಗಿನಿಂದ ಹತ್ತುವವರು ಎಲ್ಲರಿಗೂ ಅದೇ ದಾರಿ. ಸಂಜೆ 6 ಗಂಟೆ 34 ನಿಮಿಷಕ್ಕೆ ಪೊಲೀಸರ ತುರ್ತು ನಂಬರಿಗೆ ಮೊದಲ ಕರೆ ಹೋಯಿತು. ಅಲ್ಲಿಯೂ ಆ ನಂಬರ್ 112 ಅಂತಲೇ. ಇಲ್ಲಿ ಜನ ಜಜ್ಜಿಹೋಗುವ ಹಾಗಿದೆ, ಯಾರಾದರೂ ಬಂದು ನಿಭಾಯಿಸಿ ಎಂಬ ಅರ್ಥದ ಕರೆ ಅದು. ಆಮೇಲೆ ಮತ್ತೊಂದು, ಇನ್ನೊಂದು. ಒಟ್ಟು 11 ಕರೆ. ಜನ ಒಬ್ಬರ ಮೇಲೊಬ್ಬರು ಬಿದ್ದದ್ದು ರಾತ್ರಿ ಹತ್ತೂಕಾಲರ ಸುಮಾರಿಗೆ. 159 ಜನ ಸತ್ತರು.

ಮೊದಲ ಕರೆಗೂ ದುರಂತಕ್ಕೂ ನಡುವೆ ಮೂರೂವರೆ ಗಂಟೆಗಿಂತ ಜಾಸ್ತಿ ಸಮಯ ಇತ್ತು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಜನ ನಿಂತು, ಈ ಓಣಿ ಇಳಿಯೋದಕ್ಕೆ ಮಾತ್ರ, ಹತ್ತುವವರು ಆ ಕಡೆಯಿಂದ ಹೋಗಿ ಅಂದಿದ್ದರೆ ಸಾಕಿತ್ತು. ಆ ಹಬ್ಬಕ್ಕೆ ಆಯೋಜಕರು ಅಂತ ಯಾರೂ ಇರಲಿಲ್ಲ. ಜನ ತಾವಾಗೇ ಸೇರಿದ್ದರು. ಹಾಗಾಗಿ ಇದು ನನ್ನ ಹೊಣೆ ಅಂತ ಯಾರಿಗೂ ಅನ್ನಿಸಲಿಲ್ಲ. ನಮ್ಮಲ್ಲಿ ತೇರಿಗೇನೋ ಸಮಿತಿ ಇರುತ್ತದೆ. ತೇರು ನೋಡೋಕೆ ಬಂದವರು ಆಮೇಲೆ ಹೋಗಿ ಸೇರುವ ಬಸ್ ಸ್ಟ್ಯಾಂಡಿಗೆ ಯಾವ ಸಮಿತಿ ಇದೆ ಹೇಳಿ?

ನಮ್ಮ ಬೆಂಗಳೂರಿನದ್ದು ನಿಮಗೆಲ್ಲ ಗೊತ್ತು. 2025ರ ಜೂನ್ 4, ಚಿನ್ನಸ್ವಾಮಿ ಕ್ರೀಡಾಂಗಣ. ಆರ್‌ಸಿಬಿ ಹದಿನೆಂಟು ವರ್ಷ ಕಾದು ಗೆದ್ದ ಐಪಿಎಲ್ ಕಪ್ಪು, ಊರಿಗೆ ಊರೇ ಹಬ್ಬ. ಒಳಗೆ ಹಿಡಿಸುವುದು ಸುಮಾರು 35 ಸಾವಿರ ಜನ. ಬಂದವರು ಎರಡು ಮೂರು ಲಕ್ಷ ಎಂದು ಸರ್ಕಾರವೇ ಹೇಳಿತು. ಬೆಳಿಗ್ಗೆ ಎಲ್ಲರೂ ಬನ್ನಿ ಅಂದಿದ್ದು, ಒಳಗೆ ಹೋಗೋಕೆ ಪಾಸು ಬೇಕು ಅಂತ ಜನಕ್ಕೆ ತಿಳಿದದ್ದು ಮಧ್ಯಾಹ್ನ. ಅಷ್ಟರಲ್ಲಿ ಮೆಟ್ರೋ ಹತ್ತಿ ಜನ ಬಂದಾಗಿತ್ತು. ಗೇಟುಗಳ ಬಳಿ 11 ಜನ ಸತ್ತರು, ಹೆಚ್ಚಿನವರು ಎಳೆ ವಯಸ್ಸಿನವರು. ಹೊರಗೆ ಜೀವ ಹೋಗುತ್ತಿದ್ದಾಗ ಒಳಗೆ ಸನ್ಮಾನ ನಡೆಯುತ್ತಿತ್ತು. ಯಾರ ಪಾಲು ಎಷ್ಟು ಅನ್ನುವುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ನಮಗೆ ಬೇಕಾದದ್ದು ಒಂದು ವಿಷಯ. ಗುಂಪಿನ ಮುಂದೆ ಏನಾಗುತ್ತಿದೆ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಹಿಂದಿನವರು ಬರುತ್ತಲೇ ಇರುತ್ತಾರೆ. ವೇದಿಕೆಯ ಮೇಲಿದ್ದವರಿಗಂತೂ ಎರಡೂ ಗೊತ್ತಾಗುವುದಿಲ್ಲ. ಎತ್ತರದಲ್ಲಿ ನಿಂತು ನೋಡುವವರು ಒಬ್ಬರು ಇರಬೇಕು, ಅವರ ಮಾತಿಗೆ ಕಾರ್ಯಕ್ರಮ ನಿಲ್ಲಬೇಕು.

ಈಗ ನಮ್ಮ ರಥಬೀದಿಗೆ ಬರೋಣ. ಒಂದು ಟೇಪು ಹಿಡಿದುಕೊಂಡು ಬನ್ನಿ.

ಬೀದಿ 40 ಅಡಿ ಅಗಲ ಅಂತ ಇಟ್ಟುಕೊಳ್ಳಿ. ದಾಖಲೆಯಲ್ಲಿ ಅಷ್ಟೇ ಇರುತ್ತದೆ, ಅನುಮತಿ ಅರ್ಜಿಯಲ್ಲೂ ಅಷ್ಟೇ ಬರೆಯುತ್ತೇವೆ. ಜಾತ್ರೆ ದಿನ ಎರಡೂ ಕಡೆ ಬಳೆ ಅಂಗಡಿ, ಬೆಂಡು ಬತ್ತಾಸಿನ ಅಂಗಡಿ, ಆಟದ ಸಾಮಾನು. ಒಂದೊಂದು ಅಂಗಡಿ ಆರು ಅಡಿ ಮುಂದಕ್ಕೆ ಬರುತ್ತದೆ. ಅದರ ಮುಂದೆ ಬಳೆ ನೋಡುತ್ತಾ ನಿಂತವರಿಗೆ ಮೂರು ಅಡಿ. ಒಂದು ಕಡೆ ಒಂಬತ್ತು, ಎರಡು ಕಡೆ ಹದಿನೆಂಟು. ಉಳಿದದ್ದು 22 ಅಡಿ. ತೇರು ಗಾಲಿಯಿಂದ ಗಾಲಿಗೆ 14 ಅಡಿ ಇದೆ ಅಂದರೆ, ತೇರಿನ ಎಡಕ್ಕೆ ನಾಲ್ಕು ಅಡಿ, ಬಲಕ್ಕೆ ನಾಲ್ಕು ಅಡಿ. ನೀವು 40 ಅಡಿ ಬೀದಿ ಅಂದುಕೊಂಡದ್ದು ನಿಜವಾಗಿ ನಾಲ್ಕಡಿಯ ಎರಡು ಸಂದಿ. ಒಂದು ಪಕ್ಕದಲ್ಲಿ ಗಾಲಿ, ಇನ್ನೊಂದು ಪಕ್ಕದಲ್ಲಿ ಅಂಗಡಿಯ ಗಳ. ಅದರೊಳಗೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ ನಿಂತಿರುತ್ತಾನೆ.

ಇನ್ನು ನೆಲ ನೋಡಿ. ತೇರಿಗೆ ಉತ್ತತ್ತಿ ಎಸೆಯುತ್ತೇವೆ, ಬಾಳೆಹಣ್ಣು ಎಸೆಯುತ್ತೇವೆ. ಕಳಶಕ್ಕೆ ತಾಗಿತು ಅಂತ ಖುಷಿಪಡುತ್ತೇವೆ. ಆ ಹಣ್ಣು ಬೀಳೋದು ಎಲ್ಲಿಗೆ? ಮಿಣಿ, ಅಂದರೆ ತೇರಿನ ಹಗ್ಗ, ಹಿಡಿದವರ ಕಾಲಡಿಗೆ. ಹಣ್ಣು ಜಜ್ಜಿ ನೆಲ ಜಾರುತ್ತದೆ. ಹೀಗೆ ಜಾರುವ ನೆಲ ಏನು ಮಾಡಬಲ್ಲದು ಅನ್ನೋದಕ್ಕೆ ಮಹಾರಾಷ್ಟ್ರದ ವಾಯಿ ಹತ್ತಿರದ ಮಾಂಢರದೇವಿ ಬೆಟ್ಟ ಸಾಕ್ಷಿ. 2005ರ ಜನವರಿ 25ರಂದು ಅಲ್ಲಿ ಭಕ್ತರು ಒಡೆದ ತೆಂಗಿನಕಾಯಿ ನೀರಿನಿಂದ ಮೆಟ್ಟಿಲು ಜಾರುತ್ತಿದ್ದವು. ಕೆಲವರು ಬಿದ್ದರು, ಅವರ ಮೇಲೆ ಮತ್ತಷ್ಟು ಜನ ಬಿದ್ದರು. ಆಮೇಲೆ ಅಂಗಡಿಗಳಿಗೆ ಬೆಂಕಿ ಹತ್ತಿ ಗ್ಯಾಸ್ ಸಿಲಿಂಡರ್ ಸಿಡಿದವು. ಸತ್ತವರು ಹೆಚ್ಚು ಕಡಿಮೆ ಮುನ್ನೂರು. ಹಣ್ಣು ಎಸೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಅದು ನಮ್ಮ ಹಿರಿಯರಿಂದ ಬಂದದ್ದು. ತೇರು ನಿಂತಾಗಲೆಲ್ಲ ಗಾಲಿಯ ಸುತ್ತ ಮರಳು ಇಲ್ಲವೇ ಮರದ ಹೊಟ್ಟು ಚೆಲ್ಲೋದಕ್ಕೆ ನಾಲ್ಕು ಜನರನ್ನು ನೇಮಿಸಿ. ಕಾಯಿ ಒಡೆಯೋ ಜಾಗ ಮೆಟ್ಟಿಲಿನಿಂದ ದೂರ ಇರಲಿ, ನೀರು ಹರಿದುಹೋಗೋಕೆ ಚರಂಡಿ ಇರಲಿ.

ಗುಡಿಯ ಬಾಗಿಲಿನ ಲೆಕ್ಕ ಇನ್ನೊಂದು. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಮಾರ್ಗದರ್ಶಿಯಲ್ಲಿ ಒಂದು ಅಂಕಿ ಇದೆ. ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟಬಹುದು. ಮೆಟ್ಟಿಲಾದರೆ 66. ನಮ್ಮ ಬಾಗಿಲು ನಾಲ್ಕು ಅಡಿ, ಅಂದರೆ 1.2 ಮೀಟರ್. ನಿಮಿಷಕ್ಕೆ 98 ಜನ. ಹತ್ತು ಸಾವಿರ ಜನ ಹೊರಗೆ ಬರೋಕೆ ನೂರು ನಿಮಿಷ ಮೀರಿ ಬೇಕು. ಇದು ಹೊಸ್ತಿಲು ಇಲ್ಲದೆ, ಯಾರೂ ನಿಂತು ಕೈಮುಗಿಯದೆ ನಡೆದರೆ. ನಮ್ಮಲ್ಲಿ ಅಜ್ಜಿಯರು ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ತಾಯಂದಿರ ಕಂಕುಳಲ್ಲಿ ಕೂಸು ಇರುತ್ತದೆ. ಅವರನ್ನು ಅವಸರ ಮಾಡಿಸೋದು ಸರಿಯಲ್ಲ. ಹಾಗಾಗಿ ಲೆಕ್ಕದ ಅರ್ಧ ಹಿಡಿಯಿರಿ. ಹತ್ತು ಸಾವಿರ ಜನಕ್ಕೆ ಮೂರು ಗಂಟೆಗಿಂತ ಜಾಸ್ತಿ. ಅಷ್ಟು ಹೊತ್ತು ಅವರು ಎಲ್ಲಿ ನಿಲ್ಲುತ್ತಾರೆ, ನೆರಳು ಇದೆಯಾ, ನೀರು ಇದೆಯಾ? ತಿರುಮಲದಲ್ಲಿ ಜನರನ್ನು ದೊಡ್ಡ ಕೋಣೆಗಳಲ್ಲಿ ಕೂರಿಸಿ, ಒಂದೊಂದೇ ಕೋಣೆ ಖಾಲಿಯಾದ ಹಾಗೆ ಬಿಡುತ್ತಾರಲ್ಲ, ಅದರ ಹಿಂದೆ ಇರೋದು ಇದೇ ಲೆಕ್ಕ. ಅಷ್ಟು ದೊಡ್ಡದು ನಮ್ಮ ಕೈಲಾಗದು, ಸರಿ. ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿ, ಇನ್ನೂರು ಇನ್ನೂರು ಜನರನ್ನು ಬಿಡುವುದು ಖಂಡಿತ ಆಗುತ್ತದೆ.

ಒಳಗೆ ಬರುವ ದಾರಿಯ ಬಗ್ಗೆ ಎಲ್ಲ ಸಮಿತಿಯೂ ಯೋಚನೆ ಮಾಡುತ್ತದೆ. ಸ್ವಾಗತ ಕಮಾನು ಹಾಕುತ್ತೇವೆ, ಲೈಟು ಹಾಕುತ್ತೇವೆ. ಹೊರಗೆ ಹೋಗೋ ದಾರಿ ಯಾರಿಗೂ ನೆನಪಾಗುವುದಿಲ್ಲ. 2011ರ ಜನವರಿ 14, ಮಕರಜ್ಯೋತಿಯ ರಾತ್ರಿ. ಶಬರಿಮಲೆ ಬಳಿಯ ಪುಲ್ಲುಮೇಡಿನಲ್ಲಿ ಜ್ಯೋತಿ ನೋಡಿ ಖುಷಿಯಿಂದ ವಾಪಸ್ಸು ಹೊರಟವರು ಅವರು. ಕತ್ತಲು, ಕಾಡು, ಇಕ್ಕಟ್ಟಿನ ದಾರಿ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕರ್ನಾಟಕದ, ತಮಿಳುನಾಡಿನ ಮಾಲೆಧಾರಿಗಳು ಬಹಳ ಜನ. ಜರ್ಮನಿಯ ಡ್ಯುಸ್‌ಬರ್ಗ್‌ನಲ್ಲಿ 2010ರಲ್ಲಿ ನಡೆದ ಸಂಗೀತ ಉತ್ಸವದಲ್ಲಿ ಬರೋರಿಗೂ ಹೋಗೋರಿಗೂ ಒಂದೇ ಸುರಂಗ, ಒಂದೇ ಇಳಿಜಾರು ಇಟ್ಟಿದ್ದರು. 21 ಜನ ಯುವಕ ಯುವತಿಯರು ಸತ್ತರು. ಮೆಕ್ಕಾ ಬಳಿಯ ಮಿನಾದಲ್ಲಿ 2006ರ ಹಜ್ ಯಾತ್ರೆಯ ದುರಂತದ ನಂತರ ಹಳೇ ಸೇತುವೆ ಒಡೆದು, ಹಲವು ಅಂತಸ್ತಿನ ಹೊಸದನ್ನು ಕಟ್ಟಿದರು. ಬರೋದು ಒಂದು ಕಡೆ, ಹೋಗೋದು ಇನ್ನೊಂದು ಕಡೆ. ಆ ಜಾಗ ಸುಧಾರಿಸಿತು. ಆದರೆ 2015ರಲ್ಲಿ ಅಲ್ಲಿಗೆ ಹೋಗುವ ರಸ್ತೆಗಳು ಕೂಡುವ ಕಡೆ ಇನ್ನೂ ದೊಡ್ಡ ದುರಂತ ಆಯಿತು. ಹಾಗಾಗಿ ಗುಡಿಯ ಬಾಗಿಲು ಸರಿ ಮಾಡಿದ್ದೇವೆ ಅಂತ ಕೈಕಟ್ಟಿ ಕೂರಬೇಡಿ. ಎರಡು ಓಣಿ ಬಂದು ರಥಬೀದಿಗೆ ಸೇರುವ ಮೂಲೆಯಲ್ಲಿ ಯಾರು ನಿಂತಿರುತ್ತಾರೆ ಅಂತ ಕೇಳಿ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ಇಲ್ಲಿ ಬಹಳ ಜನ ಇರಬೇಕು. ಲಕ್ಷಗಟ್ಟಲೆ ಜನ ಸೇರುತ್ತಾರೆ, ತೇರು ಎಳೆಯುವುದು ಬಯಲಿನಲ್ಲಿ. ಅಲ್ಲಿ ಜನಕ್ಕೆ ಹಿಂದೆ ಸರಿಯೋಕೆ ಜಾಗ ಇದೆ. ಇಕ್ಕಟ್ಟಿನ ಬೀದಿ ಇರುವ ಊರಿಗೆ ಬಯಲು ಎಲ್ಲಿಂದ ತರೋದು ಅಂತ ನೀವು ಕೇಳಬಹುದು. ಅಡ್ಡ ಓಣಿಗಳನ್ನು ಖಾಲಿ ಇಡಿ. ಬೈಕ್ ನಿಲ್ಲಿಸೋಕೆ, ಜನರೇಟರ್ ಇಡೋಕೆ, ಕಬ್ಬಿನ ಹಾಲಿನ ಗಾಡಿಗೆ ಅವನ್ನೇ ಕೊಡುತ್ತೇವೆ. ಒತ್ತಡ ಬಂದಾಗ ಜನ ತಿರುಗೋದು ಅಲ್ಲಿಗೇ. ಅವುಗಳಲ್ಲಿ ಒಂದನ್ನು ಆಂಬುಲೆನ್ಸಿಗೆ ಮೀಸಲಿಡಿ, ಅದರ ಬಾಯಲ್ಲಿ ಇಬ್ಬರನ್ನು ಕೊನೆವರೆಗೂ ನಿಲ್ಲಿಸಿ.

ತೇರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ನೂರಡಿ ಮೀರಿದ ತೇರುಗಳು ಬರುತ್ತವೆ. 2024ರಲ್ಲಿ ಒಂದು ತೇರು ಬಿತ್ತು, ದೇವರ ದಯೆಯಿಂದ ಜೀವಹಾನಿ ಆಗಲಿಲ್ಲ. 2025ರ ಮಾರ್ಚಿನಲ್ಲಿ ಗಾಳಿ ಮಳೆಗೆ ಮತ್ತೆ ಬಿದ್ದಾಗ ಜೀವ ಹೋಯಿತು. ಮೊದಲನೇ ಸಲ ಬಿದ್ದಾಗಲೇ ಎತ್ತರದ ಪೈಪೋಟಿ ನಿಲ್ಲಬೇಕಿತ್ತು ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ. ಪಕ್ಕದೂರಿನ ತೇರಿಗಿಂತ ನಮ್ಮದು ಐದಡಿ ಎತ್ತರ ಇರಬೇಕು ಅಂತ ಯಾವ ತಾಯಿಯೂ ಕೇಳಿಲ್ಲ. ತಮಿಳುನಾಡಿನ ತಂಜಾವೂರು ಹತ್ತಿರದ ಕಳಿಮೇಡಿನಲ್ಲಿ 2022ರ ಏಪ್ರಿಲ್ 27ರ ನಸುಕಿನಲ್ಲಿ ತೇರು ಹೈಟೆನ್ಷನ್ ತಂತಿಗೆ ತಾಗಿ 11 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಲೈನ್‌ಮನ್ ಒಬ್ಬರನ್ನು ಜೊತೆಗೆ ಕರೆದುಕೊಂಡು, ಕಳಶದ ತುದಿ ಎಷ್ಟು ಎತ್ತರ, ತಂತಿ ಎಷ್ಟು ಎತ್ತರ ಅಂತ ಬೀದಿಯ ಉದ್ದಕ್ಕೂ ಪ್ರತಿ ವರ್ಷ ಅಳೆಯಿರಿ. ಹೋದ ವರ್ಷ ಸರಿಹೋಗಿತ್ತು ಅನ್ನೋದು ಲೆಕ್ಕಕ್ಕಿಲ್ಲ. ರಸ್ತೆಗೆ ಹೊಸದಾಗಿ ಕಾಂಕ್ರೀಟ್ ಹಾಕಿದ್ದರೆ ಅಷ್ಟು ಎತ್ತರ ಏರಿರುತ್ತದೆ.

ಮೈಕಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮೈಕಿನಲ್ಲಿ ಏನು ಕೇಳಿಸುತ್ತದೆ? ದಾನಿಗಳ ಹೆಸರು, ಗಣ್ಯರ ಆಗಮನ, ನಡುನಡುವೆ "ಯಾರೂ ತಳ್ಳಬೇಡಿ". ತಳ್ಳಬೇಡಿ ಅನ್ನೋದು ಮುಂದಿದ್ದವರಿಗೆ ಕೇಳುತ್ತದೆ, ಅವರೇ ಒತ್ತಡದಲ್ಲಿ ಸಿಕ್ಕಿಕೊಂಡವರು. ಹೇಳಬೇಕಾದದ್ದು ಹಿಂದಿನವರಿಗೆ. "ಅಂಚೆ ಕಚೇರಿ ಹತ್ತಿರ ಇರುವವರು ಅಲ್ಲೇ ನಿಲ್ಲಿ. ಮುಂದೆ ಜಾಗ ಇಲ್ಲ. ತೇರು ನಿಮ್ಮ ಕಡೆಗೇ ಬರುತ್ತದೆ." ಹೀಗೆ ಜಾಗದ ಹೆಸರು ಹಿಡಿದು, ಕಾರಣ ಕೊಟ್ಟು ಹೇಳಿದರೆ ಜನ ಕೇಳುತ್ತಾರೆ. ಹಿಂದುಗಡೆಗೆ ಬೇರೆ ಸ್ಪೀಕರ್ ಬೇಕು, ಕರೆಂಟ್ ಹೋದರೂ ನಡೆಯುವಂತೆ ಬ್ಯಾಟರಿ ಬೇಕು. ಅಷ್ಟು ಜನ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ಸ್ವಯಂಸೇವಕರಿಗೆ ವಾಕಿಟಾಕಿ ಬೇಕು.

ಮಾಹಿತಿ ತಪ್ಪಿದರೆ ಏನಾಗುತ್ತದೆ ಅನ್ನೋದನ್ನು 2025 ಒಂದೇ ವರ್ಷದಲ್ಲಿ ಎಷ್ಟು ಸಲ ನೋಡಿದೆವು. ಜನವರಿ 8ರಂದು ತಿರುಪತಿಯಲ್ಲಿ ವೈಕುಂಠ ದ್ವಾರದ ಟೋಕನ್‌ಗೆ ಕಾಯುತ್ತಿದ್ದವರು. ಹುಷಾರಿಲ್ಲದ ಒಬ್ಬರಿಗಾಗಿ ಗೇಟು ತೆರೆದದ್ದನ್ನು ಟೋಕನ್ ಶುರುವಾಯಿತು ಅಂದುಕೊಂಡು ಜನ ಮುಂದೆ ಬಂದರು ಎಂದು ವರದಿಯಾಯಿತು. ಆರು ಜನ ಸತ್ತರು. ಫೆಬ್ರವರಿ 15ರಂದು ನವದೆಹಲಿ ರೈಲು ನಿಲ್ದಾಣದಲ್ಲಿ ಕುಂಭಮೇಳಕ್ಕೆ ಹೊರಟವರ ನಡುವೆ ರೈಲಿನ ಪ್ರಕಟಣೆಯ ಗೊಂದಲ, 18 ಸಾವು. ಜುಲೈ 27ರಂದು ಹರಿದ್ವಾರದ ಮನಸಾ ದೇವಿ ಮೆಟ್ಟಿಲುಗಳಲ್ಲಿ ಕರೆಂಟ್ ಹೊಡೆಯುತ್ತಿದೆ ಎಂಬ ಗಾಳಿಸುದ್ದಿ, ಮತ್ತೆ ಸಾವು. ಗೊತ್ತಿಲ್ಲದಿದ್ದಾಗ ಜನ ಪಕ್ಕದವರ ಮಾತು ನಂಬುತ್ತಾರೆ, ಸಹಜ ಅಲ್ವಾ? ಅವರಿಗೆ ನಿಜ ಸುದ್ದಿ ಮೊದಲು ಮುಟ್ಟಿಸೋದು ಮೈಕ್ ಹಿಡಿದವರ ಕೆಲಸ.

ಬಿಸಿಲು, ಪಟಾಕಿ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 2023ರ ಏಪ್ರಿಲ್‌ನಲ್ಲಿ ನವಿ ಮುಂಬೈನ ಖಾರ್‌ಘರ್‌ನಲ್ಲಿ ಬಯಲಿನ ಸಮಾರಂಭವೊಂದರಲ್ಲಿ ಬಿಸಿಲಿಗೆ 14 ಜನ ಸತ್ತರು. ಅಲ್ಲಿ ನೂಕುನುಗ್ಗಲು ಬೇಕಾಗಲಿಲ್ಲ, ಬಿಸಿಲೇ ಸಾಕಾಯಿತು. ನಮ್ಮ ತೇರುಗಳು ಬಹಳಷ್ಟು ಬೇಸಿಗೆಯಲ್ಲೇ. ಕೇರಳದ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರಲ್ಲಿ ಪಟಾಕಿ ಇಟ್ಟಿದ್ದ ಕಟ್ಟಡಕ್ಕೇ ಕಿಡಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಪಟಾಕಿ ಹೊಡೆಯಲೇಬೇಕು ಅಂದರೆ ದಾಸ್ತಾನು ಜನರ ಹತ್ತಿರ ಬೇಡವೇ ಬೇಡ.

ನೀವೇ ಗುಂಪಿನಲ್ಲಿ ಸಿಕ್ಕಿಕೊಂಡರೆ? ಎರಡೂ ಭುಜಕ್ಕೆ ಜನ ತಾಗುತ್ತಿದ್ದಾರೆ, ಕೈ ಎತ್ತಿ ಮುಖ ಮುಟ್ಟಿಕೊಳ್ಳೋಕೆ ಕಷ್ಟ ಆಗುತ್ತಿದೆ ಅಂತ ಅನ್ನಿಸಿದ ಕೂಡಲೇ ಹೊರಗೆ ಬನ್ನಿ. ಆಗಲೇ ಬರಬೇಕು, ಆಮೇಲೆ ಆಗೋದಿಲ್ಲ. ಸಿಕ್ಕಿಕೊಂಡರೆ ಎರಡೂ ಮುಂಗೈಯನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಅಲೆಗೆ ಎದುರು ನಿಲ್ಲಬೇಡಿ. ಅದು ತಗ್ಗಿದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಗೋಡೆ, ಬ್ಯಾರಿಕೇಡಿಗೆ ಒತ್ತಿಕೊಂಡು ನಿಲ್ಲಬೇಡಿ. ಮೊಬೈಲ್ ಬಿತ್ತು, ಚಪ್ಪಲಿ ಹೋಯಿತು ಅಂತ ಬಗ್ಗಲೇಬೇಡಿ. ಸುಮ್ನೆ ಕಿರುಚಿ ಉಸಿರು ಕಳೆದುಕೊಳ್ಳಬೇಡಿ. ಮಗುವನ್ನು ಮೇಲೆ ಎತ್ತಿಕೊಳ್ಳಿ. ಮನೆಯಿಂದ ಹೊರಡುವಾಗಲೇ ಅದರ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ, ತಪ್ಪಿಸಿಕೊಂಡರೆ ಸೇರುವ ಜಾಗ ಯಾವುದು ಅಂತ ಮನೆಯವರೆಲ್ಲ ಮಾತಾಡಿಕೊಂಡು ಹೋಗಿ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: "ತೇರಿಗೆ ಮುಹೂರ್ತ ಇರುತ್ತೆ. ನಡುವೆ ನಿಲ್ಲಿಸಿ ಅಂದರೆ ಹೇಗೆ?" ನನ್ನ ಉತ್ತರ ಹೀಗಿತ್ತು. ಮುಹೂರ್ತ ಇರೋದು ತೇರು ಹೊರಡೋದಕ್ಕೆ. ಹೊರಟ ಮೇಲೆ ತೇರು ಈಗಲೂ ಹತ್ತು ಸಲ ನಿಲ್ಲುತ್ತದೆ. ಗಾಲಿಗೆ ಮರ ಕೊಡೋಕೆ ನಿಲ್ಲುತ್ತದೆ, ಹಗ್ಗ ಸರಿ ಮಾಡೋಕೆ ನಿಲ್ಲುತ್ತದೆ, ಮಂತ್ರಿಗಳು ಬಂದರೂ ನಿಲ್ಲುತ್ತದೆ. ಜನ ಉಸಿರಾಡೋಕೆ ನಿಂತರೆ ದೇವರು ಮುನಿಯೋದಿಲ್ಲ. ಆದರೆ ಯಾರು ನಿಲ್ಲಿಸಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು. ಅರ್ಚಕರು, ಸಮಿತಿ ಅಧ್ಯಕ್ಷರು, ಪೊಲೀಸ್ ಅಧಿಕಾರಿ ಮೂವರೂ ಒಪ್ಪಿದ ಒಬ್ಬ ವ್ಯಕ್ತಿ, ಅವರ ಕೈಯಲ್ಲಿ ಒಂದು ಕೆಂಪು ಬಾವುಟ, ಒಂದು ಸೀಟಿ. ಅವರು ಸೀಟಿ ಊದಿದರೆ ಮಿಣಿ ಕೆಳಗೆ ಬೀಳಬೇಕು. ಯಾಕೆ ನಿಲ್ಲಿಸಿದಿರಿ ಅಂತ ಆಮೇಲೆ ಅವರನ್ನು ಯಾರೂ ತರಾಟೆಗೆ ತೆಗೆದುಕೊಳ್ಳಬಾರದು.

ಇನ್ನೊಬ್ಬರು, ಪಂಚಾಯ್ತಿ ಸದಸ್ಯೆ, ಕೇಳಿದರು: "ಅಂಗಡಿಯವರನ್ನು ಏಳಿಸೋಕೆ ಹೋದರೆ ಜಗಳ ಆಗುತ್ತೆ ಸಾರ್. ಅವರೂ ಹೊಟ್ಟೆಪಾಡಿಗೆ ಬಂದವರು." ನಿಜ. ಜಾತ್ರೆ ದಿನ ಬೆಳಿಗ್ಗೆ ಏಳಿಸೋಕೆ ಹೋದರೆ ಜಗಳ ಆಗಲೇಬೇಕು, ಅವರು ಜಾಗಕ್ಕೆ ದುಡ್ಡು ಕಟ್ಟಿರುತ್ತಾರೆ. ಈ ಕೆಲಸ ಆಗಬೇಕಾದದ್ದು ಜಾಗದ ಹರಾಜಿನ ದಿನ. ಹರಾಜಿಗೆ ಮೊದಲು ಟೇಪು ಹಿಡಿದು, ತೇರಿನ ದಾರಿ ಬಿಟ್ಟು, ಜನ ನಿಲ್ಲೋ ಜಾಗ ಬಿಟ್ಟು, ಓಣಿಗಳ ಬಾಯಿ ಬಿಟ್ಟು, ಉಳಿದದ್ದಕ್ಕೆ ಸುಣ್ಣದ ಗೆರೆ ಎಳೆಯಿರಿ. ಗೆರೆಯ ಒಳಗಿನ ಜಾಗ ಮಾತ್ರ ಹರಾಜಿಗೆ. ಗೆರೆ ದಾಟಿದರೆ ಠೇವಣಿ ವಾಪಸ್ ಇಲ್ಲ ಅಂತ ಷರತ್ತಿನಲ್ಲೇ ಬರೆಯಿರಿ. ಬೀದಿಯಲ್ಲಿ ಹಿಡಿಸದ ಅಂಗಡಿಗಳಿಗೆ ಸಂತೆ ಮೈದಾನದಲ್ಲಿ ಲೈಟು, ನೀರು ಕೊಟ್ಟು ಜಾಗ ಮಾಡಿಕೊಡಿ, ಜನ ಹೊರಗೆ ಹೋಗೋ ದಾರಿಯನ್ನು ಆ ಮೈದಾನದ ಪಕ್ಕದಲ್ಲೇ ಬಿಡಿ. ಮನೆಗೆ ಹೊರಟವರು ಮಕ್ಕಳಿಗೆ ಬೆಂಡು ಬತ್ತಾಸು ಅಲ್ಲೇ ಕೊಳ್ಳುತ್ತಾರೆ, ಅಂಗಡಿಯವರಿಗೂ ವ್ಯಾಪಾರ ಆಗುತ್ತದೆ. ನಿಮ್ಮೂರಿನ ಹರಾಜು ಯಾವಾಗ ಅಂತ ಕೇಳಿದೆ. ಮುಂದಿನ ತಿಂಗಳು ಅಂದರು. ಹಾಗಾದರೆ ಇನ್ನೂ ಸಮಯ ಇದೆ ಅಂದೆ.